ಜೌಗಿನಲ್ಲಿ ಉಳಿದ ಹಸಿರು ಪಟ್ಟಿ

ಏಪ್ರಿಲ್ ೧೧, ಶನಿವಾರ

ನಾಳೆ ಬೆಳಿಗ್ಗೆ ಅರಣ್ಯದ ಸಾಹೇಬರು ಜೌಗಿಗೆ ಬರುತ್ತಾರೆ. ಅಲ್ಲಿ ನಮ್ಮ ಎಮ್ಮೆಗಳನ್ನು ಮೇಯಲು ಬಿಡುವುದೋ ಬೇಡವೋ ಅಂತ ಕಣ್ಣಾರೆ ನೋಡಿ ಹೇಳುತ್ತಾರಂತೆ. ಬಂದು ನೋಡಿ ಅಂತ ಕರೆದವನೂ ನಾನೇ. "ಎಮ್ಮೆ ಎತ್ತರದ ಜೊಂಡು ತಿನ್ನುತ್ತೆ, ಅದರ ಹಿಂದೆ ಚಿಗುರಿದ್ದನ್ನ ಜಿಂಕೆ ತಿನ್ನುತ್ತೆ. ಒಂದೇ ಮನೆ, ಎರಡು ಪಂಕ್ತಿ ಸ್ವಾಮಿ" ಅಂತ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೆ. ಮಳೆಗಾಲದಲ್ಲಿ ಅದು ನಿಜವೂ ಹೌದು.

ಇವತ್ತು ಸಂಜೆ ಹೋಗಿ ನೋಡಿದರೆ ನೀರು ಹಿಂದೆ ಸರಿದಿದೆ, ಜೊಂಡು ಒಣಗಿ ಗರಗಸವಾಗಿದೆ. ಹಸಿರು ಉಳಿದಿರುವುದು ನೀರಂಚಿನ ಒಂದು ಪಟ್ಟಿ ಮಾತ್ರ. ಅಲ್ಲಿಗೆ ಮರಿ ಕಟ್ಟಿಕೊಂಡು ಜಿಂಕೆ ಬಂದಿತ್ತು. ನಮ್ಮ ದೊಡ್ಡೆಮ್ಮೆ ಕೊಂಬು ಬೀಸಿ ಎರಡನ್ನೂ ಓಡಿಸಿತು.

ಮನೆಯವಳಿಗೆ ಹೇಳಿದೆ. "ನಿಮ್ಮ ಭಾಷಣಾನ ಎಮ್ಮೆಗೂ ಕೇಳಿಸ್ಬೇಕಿತ್ತು" ಅಂದಳು.

ನಾಳೆ ಒಂದು ದಿನ ಎಮ್ಮೆಗಳನ್ನು ಕೊಟ್ಟಿಗೆಯಲ್ಲೇ ಇಟ್ಟು ಸಾಹೇಬರ ಕಣ್ಣಿಗೆ ಮಣ್ಣೆರಚಬಹುದು. ನಾಡಿದ್ದು ಏನು ಮಾಡಲಿ? ಪೂರಾ ಜೌಗು ಕಳೆದುಕೊಳ್ಳುವುದಕ್ಕಿಂತ, ಮಳೆ ಬರುವವರೆಗೆ ಆ ಪಟ್ಟಿಯನ್ನು ನಾನೇ ಬಿಟ್ಟುಕೊಡುವುದು ಲಾಭ. ಆದರೆ ಎಮ್ಮೆಗೆ ಗಡಿ ಗೊತ್ತಾ? ಮಧ್ಯೆ ಯಾರಾದರೂ ದಿನವಿಡೀ ನಿಲ್ಲಬೇಕು. ಇನ್ಯಾರು, ನಾನೇ. ಕೈಯಲ್ಲಿ ಕೋಲು, ಜಿಂಕೆ ಬೆದರದ ಹಾಗೆ ಬಾಯಿಗೆ ಬೀಗ. ಬಿಸಿಲಾದರೂ ತಡೆದೇನು, ಆ ಬೀಗ ಮಾತ್ರ ನನ್ನಿಂದ ತಡೆಯಲಾಗದು.