ಗೋಡೆಯಾಚೆಯ ಸ್ಪೀಕರ್

ಗುರುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕನಿಗೆ,

ನಿಮ್ಮ ಓರಗಿತ್ತಿಯ ನಮಸ್ಕಾರ. ಮಧ್ಯೆ ಇರುವುದು ಒಂದೇ ಒಂದು ಇಟ್ಟಿಗೆ ಗೋಡೆ, ಅದಕ್ಕೊಂದು ಕಾಗದವಂತೆ ಎಂದು ನಗಬೇಡಿ. ನಗುವುದಾದರೆ ಗಟ್ಟಿಯಾಗಿ ನಗಿ, ನನಗೆ ಕೇಳಿಸಲಿ. ಭಾನುವಾರದಿಂದ ನಿಮ್ಮ ಕಡೆಯಿಂದ ಬರುತ್ತಿರುವುದು ರಟ್ಟಿನ ಪೆಟ್ಟಿಗೆಗೆ ಟೇಪು ಎಳೆದು ಅಂಟಿಸುವ ಸದ್ದು ಮಾತ್ರ. ಅದು ಚರ್ರ್ ಎಂದಾಗಲೆಲ್ಲ ಹೊಲಿಗೆ ಮಿಷನ್ನು ನಿಲ್ಲಿಸಿಬಿಡುತ್ತೇನೆ. ಶನಿವಾರ ಮನೆ ಖಾಲಿ ಮಾಡಿ ಆಸ್ಪತ್ರೆ ಹತ್ತಿರದ ಬಾಡಿಗೆ ಮನೆಗೆ ಹೋಗುತ್ತೀರಂತೆ. ಈ ಸುದ್ದಿಯನ್ನೂ ನಾನು ಎದುರುಮನೆ ಡ್ರೈವರ್ ಹೆಂಡತಿಯ ಬಾಯಿಂದ ಕೇಳಬೇಕಾಯಿತು.

ಹೋಗಬೇಡಿ ಅಕ್ಕ. ವಿಷಯ ಇಷ್ಟೇ. ಮೊದಲೇ ಹೇಳಿಬಿಟ್ಟೆ, ಇನ್ನು ಸುತ್ತಿ ಬಳಸಿ ಬರೆಯುತ್ತೇನೆ.

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಶಾಲೆಯವರ ಯೂನಿಫಾರ್ಮ್ ನಾಲ್ಕು ಡಜನ್ ಕೊಡಬೇಕು. ಹೊಲಿದದ್ದು ಮೂರು ಅಂಗಿ, ಅದರಲ್ಲಿ ಒಂದರ ಕಾಲರು ಉಲ್ಟಾ. ಮಿಷನ್ನಿನಿಂದ ಏಳುತ್ತೇನೆ, ಗೋಡೆಗೆ ಕಿವಿ ಕೊಡುತ್ತೇನೆ, ನೀರು ಕುಡಿದು ಮತ್ತೆ ಬಂದು ಕೂರುತ್ತೇನೆ. ನೀವು ಜೊತೆಗಿದ್ದಿದ್ದರೆ, ನೀವೇ ಇಟ್ಟ ಅಡ್ಡಹೆಸರಿನಿಂದ ಕರೆದು, ಏನೇ ಗಡಿಬಿಡಿ, ಚಪ್ಪಲಿಯಲ್ಲಿ ಇರುವೆ ಸೇರಿದೆಯಾ ಅಂತ ಕೇಳುತ್ತಿದ್ದಿರಿ.

ಭಾನುವಾರ ಆದದ್ದು ಇಷ್ಟು. ನಮ್ಮ ಹಳೇ ಮ್ಯೂಸಿಕ್ ಸೆಟ್ಟು ನಿಮಗೆ ಗೊತ್ತೇ ಇದೆ. ಮನೆ ಪಾಲಾಗಿ ಹಜಾರಕ್ಕೆ ಅಡ್ಡ ಗೋಡೆ ಬಂದಾಗ ಸೆಟ್ಟು ಮತ್ತು ಎಡಗಡೆ ಸ್ಪೀಕರು ನಮ್ಮ ಪಾಲಿಗೆ ಉಳಿದವು, ಬಲಗಡೆಯದು ಮೊಳೆಗೆ ತೂಗುಹಾಕಿದಂತೆಯೇ ನಿಮ್ಮ ಕಡೆಗೆ ಹೋಯಿತು. ಮೇಸ್ತ್ರಿ ತಂತಿಗೆ ಹೆಬ್ಬೆರಳಷ್ಟು ತೂತು ಬಿಟ್ಟು ಇಟ್ಟಿಗೆ ಕಟ್ಟಿದ. ನೀವು ಆ ತಂತಿ ಕಿತ್ತು ಬಿಸಾಡುತ್ತೀರಿ ಎಂದು ನಾನು ದಿನಾ ಕಾದೆ. ನೀವು ಕೀಳಲಿಲ್ಲ. ಇಲ್ಲಿ ಹಾಡು ಹಾಕಿದರೆ ಅರ್ಧ ನಮ್ಮ ಮನೆಯಲ್ಲಿ, ಇನ್ನರ್ಧ ನಿಮ್ಮ ಮನೆಯಲ್ಲಿ. ಆ ಹಳೇ ಹಾಡುಗಳಲ್ಲಿ ದನಿಯೆಲ್ಲ ಎಡಕ್ಕೆ, ಪಿಟೀಲು ಕೊಳಲು ಎಲ್ಲ ಬಲಕ್ಕೆ. ಮೂರು ವರ್ಷ ನಾನು ಬರೀ ಹಾಡುವವರನ್ನು ಕೇಳಿದೆ, ನೀವು ಬರೀ ಬಾರಿಸುವವರನ್ನು.

ನಿಮಗೆ ತಿಳಿದಿತ್ತೋ ಇಲ್ಲವೋ, ನೀವು ಆಸ್ಪತ್ರೆ ಡ್ಯೂಟಿ ಮುಗಿಸಿ ಬರುವ ಮೂರೂವರೆಗೇ ನಾನು ಹಾಡು ಹಾಕುತ್ತಿದ್ದದ್ದು. ಚಿಲಕದ ಸದ್ದಿಗೆ ಕಾಯುತ್ತಿದ್ದೆ. ಹೋದ ವರ್ಷ ಸೆಟ್ಟು ಕೆಟ್ಟು ನಾಲ್ಕು ದಿನ ಸುಮ್ಮನಿದ್ದಾಗ, ಮೆಟ್ಟಿಲ ಹತ್ತಿರ ನಮ್ಮವಳನ್ನು ನಿಲ್ಲಿಸಿ, ಯಾಕೆ ಪುಟ್ಟಾ ಹಾಡೇ ಇಲ್ಲ, ಅಮ್ಮ ಹುಷಾರಾಗಿದಾಳಾ ಅಂತ ಕೇಳಿದಿರಂತೆ. ಮಗಳು ಬಂದು ದೊಡ್ಡಮ್ಮ ಹೀಗೆ ಕೇಳಿದರು ಎಂದಳು. ಅವರಿಗ್ಯಾಕಂತೆ ಎಂದು ಮುಖ ತಿರುಗಿಸಿದವಳು, ಮಾರನೇ ಬೆಳಿಗ್ಗೆಯೇ ಆ ಕಲ್ಲಿನಂಥ ಸೆಟ್ಟನ್ನು ಸೊಂಟದ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ರಿಪೇರಿಗೆ ಒಯ್ದೆ. ಸೊಂಟ ಇನ್ನೂ ನೋಯುತ್ತದೆ, ನಿಮ್ಮಿಂದಲೇ.

ಈಗ ನಿಮ್ಮ ಮೈದುನ ವೈರ್‌ಲೆಸ್ ಸ್ಪೀಕರ್ ತಂದಿದ್ದಾರೆ. ಉಪ್ಪಿನ ಡಬ್ಬಿಯಷ್ಟಿವೆ ಎರಡು. ಫೋನಿನಲ್ಲಿ ಒತ್ತಿದರೆ ಹಾಡುತ್ತವೆ. ಆ ಧೂಳು ಹಿಡಿದ ಡಬ್ಬಾನ ಇನ್ನೆಷ್ಟು ದಿನ ಇಟ್ಕೊಂಡು ಪೂಜೆ ಮಾಡ್ತೀಯೆ ಎಂದರು. ನಾನು ಹಟ ಮಾಡಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಯಾವ ಬಾಯಲ್ಲಿ ಹೇಳಲಿ? ಸರಿ, ಬಿಚ್ಚಿ ಅಂದೆ. ಹಳೇ ತಂತಿ ಸುತ್ತಲು ಹೋದರೆ ಗೋಡೆಯ ತೂತಿನ ಹತ್ತಿರ ಬರಲೊಲ್ಲದು. ಆಚೆ ಮೊಳೆಗೆ ಸಿಕ್ಕಿಕೊಂಡಿದೆ ಎಂದು ಅವರು ಕತ್ತರಿಸಿಬಿಟ್ಟರು. ಬರುವ ಭಾನುವಾರ ತೂತಿಗೆ ಸಿಮೆಂಟು ಮೆತ್ತುತ್ತಾರಂತೆ.

ಹೊಸದರಲ್ಲಿ ಮೊದಲು ಹಾಕಿದ್ದು ಅದೇ ಹಳೇ ಹಾಡು. ದನಿ, ಪಿಟೀಲು, ಕೊಳಲು, ಎಲ್ಲವೂ ಒಟ್ಟಿಗೆ ನನ್ನ ಮನೆಯಲ್ಲೇ. ಅಪ್ಪ ಮಗಳು ಆಹಾ ಓಹೋ ಎಂದು ಕುಣಿದರು. ನನಗೆ ಮಾತ್ರ ನಿಮ್ಮ ಪಾಲನ್ನೂ ನಾನೇ ಕದ್ದು ತಿಂದ ಹಾಗಾಯಿತು. ನೀರು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಓಡಿದೆ. ಒಲೆಯನ್ನೇ ಹಚ್ಚಿರಲಿಲ್ಲ.

ಸಪ್ಪಗಿದ್ದೀಯಲ್ಲ ಎಂದು ನಿಮ್ಮ ಮೈದುನ ತಮಾಷೆ ಮಾಡಿದರು. ಇದರಲ್ಲಿ ಒಂದನ್ನ ಅತ್ತಿಗೆ ಮನೇಲಿಟ್ಟು ಬಾ, ಗೋಡೆ ದಾಟಿನೂ ಹಾಡುತ್ತೆ ಎಂದರು. ನಿಜವಂತೆ. ಆದರೆ ಕೊಂಡೊಯ್ದು ಇಡುವವಳು ನಿಮ್ಮ ಬಾಗಿಲು ತಟ್ಟಬೇಕಲ್ಲ ಅಕ್ಕ. ತಂತಿಗೆ ಆ ಕಷ್ಟ ಇರಲಿಲ್ಲ. ಯಾರೂ ಯಾರ ಬಾಗಿಲೂ ತಟ್ಟದೆ ಮೂರು ವರ್ಷ ಕಳೆಯಿತು. ಅದರಿಂದಲೇ ನಾವು ಕೆಟ್ಟೆವೇನೋ ಎಂದು ಈಗ ಅನಿಸುತ್ತಿದೆ.

ಗೋಡೆ ಗಂಡಸರ ಹಟಕ್ಕೆ ಬಂತು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದವಳು ನಾನು. ನಲ್ಲಿಗೆ, ನೆಲ ಒರೆಸುವುದಕ್ಕೆ ಅವರು ಕಿತ್ತಾಡಿದ್ದು ಆಮೇಲೆ. ಮೊದಲು ಬಾಯಿ ಹೋದದ್ದು ನನ್ನದು. ಮಗಳ ತಲೆಯಲ್ಲಿ ಹೇನಾಗಿತ್ತು, ನೀವು ರಜೆ ಹಾಕಿ ಕೂತು ಕೂದಲು ಮೊಟಕು ಮಾಡಿದ್ದಿರಿ. ನಾನು ಒಳಗೆ ಬಂದೆ, ಹಜಾರದಲ್ಲಿ ನಿಮ್ಮ ಮೈದುನನ ಆಫೀಸಿನವರು ಕೂತಿದ್ದರು. ಅವರೆಲ್ಲರ ಎದುರು ನಾನು ಅಂದೆ, ಹೆತ್ತಿದ್ರೆ ಗೊತ್ತಾಗ್ತಿತ್ತು ಅಂತ. ನೀವು ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಿರಿ. ಆ ಮಗುವಿಗೆ ಎರಡು ವರ್ಷ ತುಂಬುವ ತನಕ ರಾತ್ರಿ ಎದ್ದು ಹಾಲು ಕಾಯಿಸಿದವರು ನೀವು. ಅಂಥವರಿಗೆ ನಾನು ಆ ಮಾತು ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಸಿಟ್ಟಿನಲ್ಲಿ ಬಂತು, ಮನಸ್ಸಿನಲ್ಲಿ ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ. ಮನಸ್ಸಿನಲ್ಲಿ ಇತ್ತು. ಅವಳು ಬಿದ್ದರೆ ದೊಡ್ಡಮ್ಮಾ ಎಂದೇ ಅಳುತ್ತಿದ್ದಳು, ಅಮ್ಮಾ ಎಂದಲ್ಲ. ನನಗೆ ಹೊಟ್ಟೆಕಿಚ್ಚು. ತಪ್ಪಾಯಿತು ಅಕ್ಕ. ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಬೈಯಲಾದರೂ ಒಂದು ಸಲ ಬನ್ನಿ. ಶನಿವಾರ ನೀವು ಹೋಗಿಬಿಟ್ಟರೆ ಇಷ್ಟು ಹೇಳುವುದಕ್ಕೂ ನನಗೆ ಗೋಡೆಯಾಚೆ ಯಾರೂ ಇರುವುದಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸಿ. ಬೇಡ, ತಿಳಿಸಬೇಡಿ. ಈ ಕಾಗದ ನಮ್ಮಿಬ್ಬರಲ್ಲೇ ಇರಲಿ.

ಇಂತಿ ನಿಮ್ಮ
ಗಡಿಬಿಡಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ತಂತಿ ಕತ್ತರಿಸಿದವರು ನಿಮ್ಮ ಮೈದುನ ಅಲ್ಲ. ಅವರು ಸ್ಕ್ರೂಡ್ರೈವರ್ ಹುಡುಕಲು ಒಳಗೆ ಹೋಗಿದ್ದರು, ತಂತಿ ನನ್ನ ಕೈಯಲ್ಲಿತ್ತು. ನಾನು ಎಳೆದೆ, ಅದು ಹಿಂದಕ್ಕೆ ಹೋಯಿತು. ಮತ್ತೆ ಎಳೆದೆ, ಮತ್ತೆ ಗೇಣುದ್ದ ಹೋಯಿತು. ಯಾವ ಮೊಳೆಯೂ ಹಾಗೆ ಎಳೆಯುವುದಿಲ್ಲ. ಭಾವನವರಾಗಿದ್ದರೆ ಕೂಗಾಡುತ್ತಿದ್ದರು, ಬಾಯಿ ಬಿಡದೆ ಎಳೆದು ಹಿಡಿಯುವವರು ನೀವೊಬ್ಬರೇ. ಗೊತ್ತಾಯಿತು, ಹೆದರಿಬಿಟ್ಟೆ. ಇನ್ನೊಂದು ಗಳಿಗೆ ಹಿಡಿದುಕೊಂಡಿದ್ದರೆ ಗೋಡೆಗೆ ಬಾಯಿಟ್ಟು ಅಳುತ್ತಿದ್ದೆ. ಹೊಲಿಗೆ ಕತ್ತರಿ ಪಕ್ಕದಲ್ಲೇ ಇತ್ತು, ಕತ್ತರಿಸಿದೆ. ಟೇಪಿನ ಸದ್ದು ಶುರುವಾದದ್ದು ಅದಾದ ಮೇಲೆ.

ಈ ಕಾಗದವನ್ನು ಸುರುಳಿ ಸುತ್ತಿ, ನಮ್ಮ ಕಡೆ ಉಳಿದ ತಂತಿಯ ತುದಿಗೆ ಕಟ್ಟಿ ಅದೇ ತೂತಿನಿಂದ ತಳ್ಳುತ್ತಿದ್ದೇನೆ. ನೀವು ಬರುವುದಕ್ಕೆ ಇನ್ನು ಕಾಲು ಗಂಟೆ. ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಇಲ್ಲೇ ನೆಲದ ಮೇಲೆ ಕೂತಿದ್ದೇನೆ. ಎಳೆಯಿರಿ ಅಕ್ಕ.