ತೆನೆ ಬಾರದ ವರ್ಷದ ಹರಿವೆ ದಂಟು

ಅಲ್ ನಹ್ದಾ, ದುಬೈ
7 ಅಕ್ಟೋಬರ್ 2016

ಪ್ರೀತಿಯ ತಮ್ಮ ಲಿಡ್ವಿನ್,

ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರರು ಹೇಳಿದರೂ ಕೇಳುವವನಲ್ಲ ನೀನು. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ. ಅದಕ್ಕೇ ಬರೆದು, ಊರಿಗೆ ಹೊರಟಿರುವ ಪಕ್ಕದ ಫ್ಲಾಟಿನ ಲಿಯೊನೆಲ್ ಕೈಯಲ್ಲಿ ಕೊಡುತ್ತಿದ್ದೇನೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗಾಗದು.

ಈ ಸಲವೂ ಬಾಲ್ಕನಿಯ ಬಕೆಟುಗಳಲ್ಲಿ ಅಮ್ಮನ ಬೀಜದ ಕೆಂಪು ಹರಿವೆ ಬಿತ್ತಿದ್ದೆ. ಇಲ್ಲಿನ ಜುಲೈ ಬಿಸಿಲು ನಿನಗೆ ಗೊತ್ತಿಲ್ಲ. ಬಕೆಟುಗಳ ಮೇಲೆ ಹಳೆಯ ಸೀರೆ ಕಟ್ಟಿ, ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಹಾಕಿ, ಮಗುವಿನ ಹಾಗೆ ಸಾಕಿದೆ. ತುದಿ ಚಿವುಟಲಿಲ್ಲ, ಅಡಿಯ ಎಲೆ ಮಾತ್ರ ಕಿತ್ತೆ. ಸೆಪ್ಟೆಂಬರಿನ ಮೊಂತಿ ಹಬ್ಬದ ಹೊತ್ತಿಗೆ ದಂಟು ಹೆಬ್ಬೆರಳಿಗಿಂತ ದಪ್ಪವಾಗಿ, ಉಗುರು ತಾಗಿಸಿದರೆ ಇಳಿಯುವಷ್ಟು ಎಳತಾಗಿತ್ತು. ಅಂದೇ ಕೊಯ್ಯಬೇಕಿತ್ತು. ಕೊಯ್ಯಲಿಲ್ಲ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯ ಕಾಳು ಬಾಯಿಗೆ ಬೀಳದೆ ಹಬ್ಬದ ತರಕಾರಿ ಮುಟ್ಟುವ ಪದ್ಧತಿ ನಮ್ಮ ಮನೆಯಲ್ಲಿಲ್ಲವಲ್ಲ. ಪರದೇಶದಲ್ಲಿರುವವರ ಪಾಲನ್ನು ಅಮ್ಮ ಕವರಿಗೆ ಹಾಕಿ ಕಳಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನೀನೂ ಕಳಿಸುತ್ತಿದ್ದೆ. ಇಲ್ಲಿನ ಇಗರ್ಜಿಯಲ್ಲೂ ಕಾಳು ಸಿಗುತ್ತದೆ, ಮನೆಯ ಪಾಲು ಸಿಗುವುದಿಲ್ಲ. ಹಾಗಾಗಿ ಕಾದೆ.

ಆಫೀಸಿನ ಡ್ರೈವರ್ ಮೋನು ಅಂಚೆ ತಂದಾಗಲೆಲ್ಲ ಕೇಳಿದೆ. ಕೊನೆಕೊನೆಗೆ ನನ್ನನ್ನು ಕಂಡ ಕೂಡಲೇ ಅವನೇ "ಚೇಚಿ, ಮಾಫಿ" ಎಂದು, ಏನೂ ಬಂದಿಲ್ಲವೆಂದು ಕೈಯಾಡಿಸತೊಡಗಿದ. ನಿನಗೆ ಫೋನ್ ಮಾಡಿದರೆ, "ನೀನು ಅಲ್ಲೇ ಸೆಟ್ಲ್ ಆದವಳಲ್ವಾ ಅಕ್ಕ, ನಿನಗೆ ಇನ್ನು ತೆನೆ ಎಂತಕ್ಕೆ?" ಎಂದು ನೀನು ನಕ್ಕುಬಿಟ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು ಮಾರಾಯ. ಸೆಟ್ಲಂತೆ! ಒಂದೇ ರೂಮಿನಲ್ಲಿ ನಾಲ್ಕು ಹೆಂಗಸರು, ಅದರಲ್ಲಿ ಒಂದು ಮಂಚ ನನ್ನದು.

ಅಷ್ಟರಲ್ಲಿ ಹರಿವೆ ಹೂ ಬಿಟ್ಟು ದಂಟೆಲ್ಲ ನಾರಾಗಿತ್ತು. ಆದರೂ ಹಟಕ್ಕೆ ಬಿದ್ದು ಕೊಯ್ದೆ, ತೆಂಗಿನಕಾಯಿ ಅರೆದು ಸಾರು ಮಾಡಿದೆ. ರೂಮಿನ ಸೌದಾ, ಪಾಪ, ನನ್ನ ಮುಖ ನೋಡಿಕೊಂಡು ಎಷ್ಟೋ ಹೊತ್ತು ಜಗಿದು ಕೊನೆಗೆ ಉಗುಳಿದಳು. ನಾನು ನುಂಗಿದೆ. ಮನೆಯವರ ಸಾಲಿನಿಂದ ನನ್ನನ್ನು ಎಬ್ಬಿಸಿಬಿಟ್ಟಿರಲ್ಲ ಎಂದು ತಟ್ಟೆಯ ಮುಂದೆಯೇ ಅಳು ಬಂತು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ಮುತ್ತು. ಸಿಟ್ಟಿನಲ್ಲಿ ಬರೆದರೂ, ದೇವರು ನಿಮ್ಮನ್ನು ಚೆನ್ನಾಗಿಡಲಿ ಎಂದೇ ಬೇಡುತ್ತೇನೆ.

ನಿನ್ನ ಅಕ್ಕ,
ಮಾರ್ಟಿನಾ

ತಾ.ಕ.: ಲಿಯೊನೆಲ್‌ನ ಟ್ಯಾಕ್ಸಿ ಬಂದು ನಿಂತಿದೆ. ಹೇಳಬೇಕಾಗಿದ್ದದ್ದು ಇದು. ನಮ್ಮ ಕಂಪನಿ ಮುಚ್ಚುತ್ತಿದೆ, ತಿಂಗಳ ಕೊನೆಗೆ ನನ್ನ ವೀಸಾ ಖಲಾಸ್. 30ಕ್ಕೆ ಊರಿಗೆ ಬರುತ್ತಿದ್ದೇನೆ, ರಜೆಗಲ್ಲ, ಇದ್ದುಬಿಡಲಿಕ್ಕೆ. ಅಮ್ಮನ ಕೋಣೆಯಲ್ಲಿ ನನಗೆ ಜಾಗ ಇದೆಯೋ ಇಲ್ಲವೋ? ಇದೆ ಎಂದಾದರೆ ಏರ್‌ಪೋರ್ಟಿಗೆ ನೀನೇ ಬಾ. ಇಲ್ಲದಿದ್ದರೆ ಯಾರನ್ನೂ ಕಳಿಸಬೇಡ.