ಹೆಬ್ಬಾವು ಯಾರ ಹೆಗಲಿಗೆ

ಅಕ್ಟೋಬರ್ 4, 1943. ಸೋಮವಾರ

ಗಂಟಲು ಹರಿದುಹೋಗಿದೆ. ಇವತ್ತೂ ಪೆಪ್ ಕ್ಲಬ್ ಅಭ್ಯಾಸ; ಪಂದ್ಯದಲ್ಲಿ ಶಾಲೆಯ ತಂಡವನ್ನು ಕೂಗಿ ಹುರಿದುಂಬಿಸುವ ಹುಡುಗಿಯರ ಸಂಘ ನಮ್ಮದು. ಖಾಲಿ ಮೈದಾನಕ್ಕೆ "ಆಸ್‌ಬರ್ನ್‌ನ ಅರೀರಿ! ಆಸ್‌ಬರ್ನ್‌ನ ಮುರೀರಿ!" ಎಂದು ಕೂಗಿದ್ದೇ ಕೂಗಿದ್ದು. ಬಿಳಿ ಕೈಗವಸು, ಕೆಂಪು ಟೊಪ್ಪಿ, ಬೆನ್ನು ನೆಟ್ಟಗೆ. ಡಾಟ್ ಅಧ್ಯಕ್ಷೆ ಆದಾಗಿನಿಂದ ಸೀನಿದರೂ ಕಪ್ಪುಚುಕ್ಕೆ. ಮೂರು ಚುಕ್ಕೆ ಬಿದ್ದರೆ ಕ್ಲಬ್ಬಿನಿಂದ ಹೊರಗೆ. ಒಂದನೇ ಕ್ಲಾಸಿನಿಂದ ಗೆಳತಿ ಎಂಬ ರಿಯಾಯಿತಿ ನನಗಿಲ್ಲ.

ಪೆಟ್ರೋಲು, ಟೈರು ಎಲ್ಲಕ್ಕೂ ರೇಷನ್. ದೂರದ ಊರುಗಳ ಜೊತೆ ಫುಟ್‌ಬಾಲ್ ನಿಂತೇಹೋಯಿತು. ಉಳಿದಿರುವ ಶತ್ರು ಪಕ್ಕದ ಆಸ್‌ಬರ್ನ್ ಒಂದೇ. ಆದ್ದರಿಂದ ನಮ್ಮ ಘೋಷಣೆಗಳೆಲ್ಲ ಅವರ ಮೇಲೆಯೇ. ಬೇರೆ ಯಾವುದೂ ನಮಗೆ ಬರುವುದಿಲ್ಲ.

ಪಕ್ಕದಲ್ಲಿ ಬ್ಯಾಂಡಿನವರು. ನಾನು ಕೂಗುವುದು ಬಿಟ್ಟು ಹೆಬ್ಬಾವನ್ನೇ ನೋಡುತ್ತಿದ್ದೆ. ಒಂದು ಚುಕ್ಕೆ ಬಿತ್ತು.

ಹೆಬ್ಬಾವು ಅಂದರೆ ಸೂಸಫೋನ್. ಮೈಗೆ ಸುತ್ತಿಕೊಂಡು ತಲೆಯ ಮೇಲೆ ಬಾಯಿ ತೆರೆಯುವ ಆ ದೈತ್ಯ ಹಿತ್ತಾಳೆ ತುತ್ತೂರಿಗೆ ನಮ್ಮ ಶಾಲೆಯಲ್ಲಿ ಆ ಹೆಸರು ಬಿಟ್ಟು ಬೇರೆ ಇಲ್ಲ. ಮೊದಲು ಡೆಲ್ಬರ್ಟ್ ನುಡಿಸುತ್ತಿದ್ದ. ಸೈನ್ಯಕ್ಕೆ ಹೊರಟಾಗ ಸ್ಟೇಷನ್ನಿನಲ್ಲಿ ರೈಲು ಬರುವವರೆಗೂ ಬ್ಯಾಂಡಿನ ಜೊತೆ ನುಡಿಸಿ, ಹತ್ತುವ ಮುಂಚೆ ನಮ್ಮ ಅಣ್ಣ ರೋಲಂಡನ ಹೆಗಲಿಗೆ ಹಾಕಿದ. ರೋಲಂಡ್ ನೌಕಾಪಡೆಗೆ ಹೋಗುವಾಗ ಓರ್ವಿಲ್‌ಗೆ ಹಾಕಿದ. ಹೊರಡುವವನು ಇರುವವನಿಗೆ ದಾಟಿಸಿ ಹೋಗುವುದು — ಈಗ ಅದೇ ಪದ್ಧತಿ. ಬರುವ ಶನಿವಾರ ಬಿಟ್ಟು ಮುಂದಿನ ಶನಿವಾರ ಓರ್ವಿಲ್ ಹೊರಡುತ್ತಾನೆ. ಅದನ್ನು ಹೊರುವ ಹುಡುಗ ಒಬ್ಬನೂ ಉಳಿದಿಲ್ಲ.

ನಾನು ಇದ್ದೇನೆ. ರೋಲಂಡ್ ದನದ ಕೊಟ್ಟಿಗೆಗೆ ಹೋದಾಗಲೆಲ್ಲ ಅವನ ಹೆಬ್ಬಾವಿನೊಳಗೆ ತೂರಿಕೊಂಡು ಕಲಿತವಳು. ನನಗೆ ಬೇಕು ಅದು. ಬೇಕೇ ಬೇಕು.

ಅಕ್ಟೋಬರ್ 6. ಬುಧವಾರ

ಧೈರ್ಯ ಮಾಡಿ ಸೊಬೋಟ್ಕಾ ಮೇಷ್ಟ್ರನ್ನು ಕೇಳಿದೆ. ಹಳೆಯ ಬ್ಯಾಂಡ್ ಮೇಷ್ಟ್ರು ಯುದ್ಧಕ್ಕೆ ಹೋದ ಮೇಲೆ ಇವರನ್ನು ನಿವೃತ್ತಿಯಿಂದ ಎಬ್ಬಿಸಿ ತಂದಿದ್ದಾರೆ. ಕಿವಿ ಮಂದ, ಬ್ಯಾಂಡಿಗೆ ಹೇಳಿ ಮಾಡಿಸಿದ ಮನುಷ್ಯ.

"ನುಡಿಸ್ತೀಯಾ? ಎಲ್ಲಿ, ನುಡಿಸು."

ನುಡಿಸಿದೆ. ಕಿಟಕಿಯ ಗಾಜು ಗಡಗಡ.

"ನಂಗೂ ಕೇಳಿಸ್ತು ಅಂದ್ರೆ ಚೆನ್ನಾಗೇ ಇದೆ," ಎಂದರು. ಆಮೇಲೆ ತಲೆ ಕೆರೆದುಕೊಂಡರು. "ಆದ್ರೆ ಮಗೂ, ಎರಡು ತೊಡಕು. ಮೈದಾನದ ಬ್ಯಾಂಡಿಗೆ ಹುಡುಗೀರನ್ನ ಯಾವತ್ತೂ ಸೇರಿಸ್ಕೊಂಡಿಲ್ಲ. ಮತ್ತೆ ನೀನು ಪೆಪ್ ಕ್ಲಬ್ಬು. ಎರಡರಲ್ಲೂ ಇರೋ ಹಾಗಿಲ್ಲ."

"ನಾನು ಸೇರದಿದ್ರೆ?"

"ತಳದ ಸ್ವರ ಇಲ್ದೆ ಬ್ಯಾಂಡ್ ಎಲ್ಲಿ ನಡೆಯುತ್ತೆ? ಓರ್ವಿಲ್ ಹೋದ ದಿನವೇ ವಾದ್ಯಗಳಿಗೆಲ್ಲ ಬೀಗ ಅಂದಿದ್ದಾರೆ ಪ್ರಿನ್ಸಿಪಾಲರು. ಯುದ್ಧ ಮುಗಿಯೋವರೆಗೂ."

ಯುದ್ಧ ಮುಗಿಯುವವರೆಗೂ! ಸಕ್ಕರೆಗೂ ಅದೇ ಮಾತು, ಕಾಲುಚೀಲಕ್ಕೂ ಅದೇ ಮಾತು. ಈಗ ಸದ್ದಿಗೂ.

ಅಕ್ಟೋಬರ್ 7. ಗುರುವಾರ

ಡಾಟ್‌ಗೆ ಹೇಳಿಬಿಟ್ಟೆ, ಕ್ಲಬ್ ಬಿಡುತ್ತೇನೆ ಎಂದು. ಊಟದ ಕೋಣೆಯಲ್ಲಿ, ಎಲ್ಲರ ಎದುರು. ಮೂರ್ಖತನ.

"ಹುಚ್ಚಾ ನಿಂಗೆ? ಮಧ್ಯದಲ್ಲಿ ಬಿಟ್ರೆ ಸಾಲೆಲ್ಲ ಹಲ್ಲು ಬಿದ್ದ ಹಾಗಿರುತ್ತೆ. ಬಿಡೋ ಹಾಗಿಲ್ಲ ಕಣೇ. ನಿಯಮ."

"ನಿಯಮ ಮಾಡಿದ್ದು ಯಾರು?"

"ನಾನೇ!"

ಆ ಮುಖಕ್ಕೆ ನನ್ನ ಜೋಳದ ರೊಟ್ಟಿ ಎಸೆಯಬೇಕು ಅನ್ನಿಸಿತು. ಜೇನುತುಪ್ಪ ಹಚ್ಚಿತ್ತು, ಅದಕ್ಕೇ ಎಸೆಯಲಿಲ್ಲ. ವಾದ ಮಾಡಿದ್ದಕ್ಕೆ ಎರಡನೇ ಚುಕ್ಕೆ.

ಅಕ್ಟೋಬರ್ 15. ಶುಕ್ರವಾರ

ಜೋಳ ಕೀಳಲೆಂದು ಇಡೀ ವಾರ ಶಾಲೆಗೆ ರಜೆ. ಬೆರಳು ಬಗ್ಗುತ್ತಿಲ್ಲ. ಡಾಟ್ ಜೊತೆ ಮಾತಿಲ್ಲ... ಒಂದೇ ಹೊಲದಲ್ಲಿ, ಅಕ್ಕಪಕ್ಕದ ಸಾಲಿನಲ್ಲಿ ಮಾತಿಲ್ಲ! ಅದು ಜೋಳಕ್ಕಿಂತ ಕಷ್ಟ.

ಸಂಜೆ ಓರ್ವಿಲ್ ಬಂದಿದ್ದ. ಬಾಗಿಲಲ್ಲೇ ನಿಂತು ಟೊಪ್ಪಿ ತಿರುಗಿಸುತ್ತಿದ್ದ.

"ನಾಳೆ ಪ್ರಿನ್ಸಿಪಾಲ್ರು ದೊಡ್ಡ ಗೋಣಿಚೀಲ ತರ್ತಾರಂತೆ, ಹೆಬ್ಬಾವನ್ನ ತುಂಬ್ಕೊಂಡು ಹೋಗೋಕೆ," ಎಂದ. "ಅದನ್ನ ಚೀಲದೊಳಗೆ ನೋಡಿ ರೈಲು ಹತ್ತೋಕೆ ನನ್ನಿಂದ ಆಗಲ್ಲ, ಲೋರ್ನಾ."

ಅಮ್ಮ ಅವನಿಗೆ ಹಣ್ಣು ತುಂಬಿ ಸುಟ್ಟ ಪೈ ಕೊಟ್ಟಳು. ಎರಡು ತುಂಡು. ರೋಲಂಡ್ ಕೂರುವ ಕುರ್ಚಿಯಲ್ಲೇ ಕೂರಿಸಿದಳು.

ಅಕ್ಟೋಬರ್ 16. ಶನಿವಾರ, ಮಧ್ಯಾಹ್ನ

ಕ್ರಮವಾಗಿ ಬರೆಯಬೇಕು.

ಸ್ಟೇಷನ್ ತುಂಬ ಜನ. ಅಳಿದುಳಿದ ಬ್ಯಾಂಡು, ಎದುರಿಗೆ ಪೆಪ್ ಕ್ಲಬ್. ಪ್ರಿನ್ಸಿಪಾಲರ ಕಂಕುಳಲ್ಲಿ ಗೋಣಿಚೀಲ. ಓರ್ವಿಲ್ ಕೆನ್ನೆ ಊದಿಸಿ ನುಡಿಸುತ್ತಲೇ ಇದ್ದ. ಅವನ ಅಮ್ಮ ಚೀಲ ಹಿಡಿದವರನ್ನು ಒಮ್ಮೆ, ಮಗನನ್ನು ಒಮ್ಮೆ ನೋಡುತ್ತಿದ್ದಳು.

ರೈಲು ಬಂತು. ಡಾಟ್ ಕೈ ಎತ್ತಿದಳು. ನಾವೆಲ್ಲ ಜೀವ ಬಿಟ್ಟು — "ಆಸ್‌ಬರ್ನ್‌ನ ಅರೀರಿ! ಆಸ್‌ಬರ್ನ್‌ನ ಮುರೀರಿ!"

ಕಿಟಕಿಗಳಲ್ಲಿ ಆಸ್‌ಬರ್ನ್ ಹುಡುಗರು. ಅದೇ ರೈಲಿನಲ್ಲಿ, ಅದೇ ಸೈನ್ಯಕ್ಕೆ ಹೊರಟವರು. ಡಾಟ್ ಎತ್ತಿದ ಕೈಯನ್ನು ತಟ್ಟನೆ ಇಳಿಸಿದಳು. ಪ್ಲಾಟ್‌ಫಾರಂ ಒಳಗೆ ಹುದುಗಿಹೋಗಬಾರದೇ ಅನ್ನಿಸಿತು.

ಒಬ್ಬ ಕೆಂಗೂದಲಿನವನು ಸೊಂಟದವರೆಗೂ ಹೊರಗೆ ಬಾಗಿದ. "ಮುರೀರಿ ಕಣ್ರೇ, ಬೇಗ ಮುರೀರಿ! ಒಂದು ಕಾಲು ಮುರಿದ್ರೂ ಸಾಕು, ಮನೆಗೆ ವಾಪಸ್ ಹೋಗ್ತೀನಿ!"

ಎಲ್ಲರೂ ನಕ್ಕರು. ಅವನ ಹಿಂದಿನವನು ಮಾತ್ರ ನಗಲಿಲ್ಲ. "ನೀವು ಬೈದಾದರೂ ಕಳಿಸ್ತಿದ್ದೀರಿ. ನಮ್ಮೂರಲ್ಲಿ ಬ್ಯಾಂಡಿಗೆ ಬೀಗ ಹಾಕಿ ತಿಂಗಳಾಯ್ತು. ನಮಗೆ ಯಾರೂ ಏನೂ ನುಡಿಸಲಿಲ್ಲ," ಎಂದ.

ಓರ್ವಿಲ್ ನನ್ನ ಕಡೆ ನೋಡಿದ. ಹೆಬ್ಬಾವನ್ನು ತಲೆಯಿಂದ ಎತ್ತಿ, ಪ್ರಿನ್ಸಿಪಾಲರನ್ನು ಬಳಸಿ ಬಂದು, ಪೆಪ್ ಕ್ಲಬ್ಬಿನ ಸಾಲಿಗೇ ನುಗ್ಗಿ ನನ್ನ ಹೆಗಲಿಗೆ ಹಾಕಿದ. "ನಾನು ಬರೋವರೆಗೂ ಇಟ್ಕೋ," ಎಂದು ರೈಲು ಹತ್ತಿದ.

ಎಷ್ಟು ಭಾರ! ಟೊಪ್ಪಿ ಮೂಗಿನ ಮೇಲೆ. ಕೈಗವಸು ಕಿತ್ತು ಎಸೆದೆ. ನುಡಿಸಿದ್ದು ಆಸ್‌ಬರ್ನ್ ಶಾಲೆಯ ಹಾಡು. ಯಾಕೆಂದು ಕೇಳಬೇಡಿ — ಯಾರೂ ನುಡಿಸಲಿಲ್ಲ ಎಂದನಲ್ಲ ಅವನು. ಬರೀ ಬೂಂ, ಬೂಂ. ಆದರೂ ಅವರಿಗೆ ಗೊತ್ತಾಯಿತು. ಕಿಟಕಿಗಳೆಲ್ಲ ಮೇಲೆ ಹೋದವು. ಸೊಬೋಟ್ಕಾ ಮೇಷ್ಟ್ರು ಕೋಲು ಎತ್ತಿದರು, ಇಡೀ ಬ್ಯಾಂಡು ಸೇರಿಕೊಂಡಿತು.

ಆಮೇಲೆ ಡಾಟ್ ಹಾಡತೊಡಗಿದಳು, ಹಿಂದೆಯೇ ಇಡೀ ಪೆಪ್ ಕ್ಲಬ್. ಆದರೆ ನಮಗೆ ಆ ಹಾಡಿನ ನಿಜವಾದ ಸಾಲು ಎಲ್ಲಿ ಗೊತ್ತು? ಎಷ್ಟೋ ವರ್ಷದಿಂದ ಅಣಕಿಸಿ ಹಾಡಿದ್ದೇ ಬರುವುದು! ಮೂವತ್ತು ಹುಡುಗಿಯರು, ಕಣ್ಣಲ್ಲಿ ನೀರು ತುಂಬಿಕೊಂಡು, ಭಕ್ತಿಯಿಂದ — "ಆಸ್‌ಬರ್ನ್, ಓ ಆಸ್‌ಬರ್ನ್, ಹಂದಿಗಳ ತವರೇ..." ರೈಲಿನಲ್ಲಿ ಹುಡುಗರು ಬಿದ್ದುಬಿದ್ದು ನಕ್ಕರು. ನಗುತ್ತಲೇ ಹೋದರು. ಓರ್ವಿಲ್ ಕೂಡ ಅವರ ಹೆಗಲ ಮೇಲೆ ಕೈ ಹಾಕಿಕೊಂಡು ಹಂದಿಗಳ ತವರನ್ನೇ ಹಾಡುತ್ತಿದ್ದ.

ಓರ್ವಿಲ್‌ನ ಅಮ್ಮ ನನ್ನನ್ನು ತಬ್ಬಲು ಬಂದಳು. ಹೆಬ್ಬಾವು ಅಡ್ಡ ಬಂತು. ಅದನ್ನೇ ತಬ್ಬಿದಳು.

ಅಕ್ಟೋಬರ್ 18. ಸೋಮವಾರ

ಬೆಳಿಗ್ಗೆಯೇ ಡಾಟ್ ಸಭೆ ಕರೆದಳು. ಮುಖ ಕಲ್ಲು.

"ಶತ್ರುವಿನ ಹಾಡು ನುಡಿಸಿದ್ದು ನಾವೂ ಹಾಡಿದ್ದರಿಂದ ಮಾಫಿ. ಆದ್ರೆ ಸಾರ್ವಜನಿಕ ಸ್ಥಳದಲ್ಲಿ ಕೈಗವಸು ಕಿತ್ತೆಸೆದಿದ್ದೀಯ. ಮೂರನೇ ಚುಕ್ಕೆ. ನೀನು ಹೊರಗೆ."

ನನಗೆ ಅಳು ಬಂತು. ನಿಜಕ್ಕೂ. ಆಗ ಅವಳೇ ಹತ್ತಿರ ಬಂದು ಕಿವಿಯಲ್ಲಿ — "ದಡ್ಡಿ, ಎರಡರಲ್ಲೂ ಇರೋ ಹಾಗಿಲ್ಲ ತಾನೇ? ಈಗ ಒಂದರಲ್ಲೂ ಇಲ್ಲ. ಓಡು, ಪ್ರಿನ್ಸಿಪಾಲ್ರ ಹತ್ರ."

ಓಡಿದೆ. ಗೋಣಿಚೀಲ ಮಡಿಸಿ ಕಪಾಟಿನ ಮೇಲೆ ಇಟ್ಟಿದ್ದರು. ತುಂಬ ಹೊತ್ತು ಕನ್ನಡಕ ಒರೆಸಿ, "ಯುದ್ಧ ಮುಗಿಯೋವರೆಗೆ ಮಾತ್ರ ಹುಡುಗೀರು ನುಡಿಸಬಹುದು," ಎಂದರು. ಯುದ್ಧ ಮುಗಿದ ದಿನ ನನ್ನ ತುಟಿ ಕಳಚಿ ಬೀಳುತ್ತದೆಯೇ? ಕೇಳಲಿಲ್ಲ. ಆಗ ಕೇಳುತ್ತೇನೆ.

ಹೆಬ್ಬಾವು ಈಗ ನನ್ನ ಮಂಚದ ಪಕ್ಕ ಇದೆ. ಅರ್ಧ ಕೋಣೆ ಅದರದೇ. ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಡೆಲ್ಬರ್ಟ್, ರೋಲಂಡ್, ಓರ್ವಿಲ್ — ಮೂವರೂ ಹೇಳಿದ್ದು ಅದೇ ಮಾತು, ನಾನು ಬರೋವರೆಗೂ ಇಟ್ಕೋ. ನಾನು ಯಾವ ರೈಲನ್ನೂ ಹತ್ತುವವಳಲ್ಲ. ಇದು ನನ್ನಿಂದ ಮುಂದೆ ದಾಟುವುದಿಲ್ಲ. ಮೂವರೂ ನನ್ನ ಹತ್ತಿರವೇ ಬಂದು ಕೇಳಬೇಕು. ಕೊಡುವುದಿಲ್ಲ! ಬಾಗಿಲಲ್ಲಿ ನಿಂತು ಕಿತ್ತಾಡಲಿ, ನನ್ನದು ನನ್ನದು ಎಂದು ಕೂಗಾಡಲಿ, ಅಮ್ಮ ಪೈ ಕೊಡಲಿ. ಜಗಳಕ್ಕಾದರೂ ಬರಲಿ. ಮೂವರೂ. ಒಬ್ಬನೂ ಕಡಿಮೆ ಆಗಬಾರದು.